ನಾರ್ಮಲಮ್ಮನ ಚಿತ್ರ

ಆ ಪ್ರಯೋಗಾಲಯದ ಗೋಡೆಯ ಮೇಲೆ ಮೂವತ್ತನಾಲ್ಕು ವರ್ಷದಿಂದ ಒಂದು ಚಿತ್ರ ತೂಗುತ್ತಿತ್ತು. ಗಾಜಿನ ಹಿಂದೆ, ಬಿಳಿ ಕಾಗದದ ಮೇಲೆ, ಕಪ್ಪು ಕಡ್ಡಿಗಳಂಥವು ಜೋಡಿ ಜೋಡಿಯಾಗಿ ನಿಂತಿದ್ದವು. ಒಟ್ಟು ಇಪ್ಪತ್ತಮೂರು ಜೋಡಿ. ಮನುಷ್ಯನ ಒಂದೇ ಒಂದು ಜೀವಕೋಶದೊಳಗಿರುವ ವರ್ಣತಂತುಗಳು ಅವು. ಕಣ್ಣಿನ ಬಣ್ಣದಿಂದ ಕಾಲಿನ ಕಿರುಬೆರಳಿನವರೆಗೆ ಅಪ್ಪ ಅಮ್ಮ ಕೊಟ್ಟದ್ದನ್ನೆಲ್ಲ ಹೊತ್ತು ತರುವವು. ಕೆಳಗೆ ಒಂದೇ ಸಾಲು: ‘ಆರೋಗ್ಯವಂತ ಹೆಂಗಸು, ವಯಸ್ಸು ಇಪ್ಪತ್ತೆಂಟು.’ ಅಷ್ಟು ಚೊಕ್ಕವಾದ ಚಿತ್ರವನ್ನು ಅದಕ್ಕೆ ಮುಂಚೆ ಆ ದೇಶದಲ್ಲಿ ಯಾರೂ ಮಾಡಿರಲಿಲ್ಲ. ಪಠ್ಯಪುಸ್ತಕದವರು ಅದನ್ನೇ ಅಚ್ಚು ಹಾಕಿದರು. ಸಾವಿರಾರು ವಿದ್ಯಾರ್ಥಿಗಳು ಅದನ್ನು ನೋಡಿಯೇ ನಾರ್ಮಲ್ ಎಂದರೆ ಹೀಗೆ ಎಂದು ಕಲಿತರು. ಲ್ಯಾಬಿನ ಹುಡುಗಿಯರು ಆ ಹೆಂಗಸಿಗೆ ‘ನಾರ್ಮಲಮ್ಮ’ ಎಂದು ಹೆಸರಿಟ್ಟು, ದಿನಾ ಬೆಳಿಗ್ಗೆ ಬಂದ ಕೂಡಲೇ ಅವಳಿಗೊಂದು ನಮಸ್ಕಾರ ಹೊಡೆದು ಕೆಲಸಕ್ಕೆ ಕೂರುತ್ತಿದ್ದರು.

ಚಿತ್ರ ಮಾಡಿದವಳು ಪ್ರೊಫೆಸರ್. ಆಗ ಅವಳಿಗೆ ಇಪ್ಪತ್ತಾರು, ಈಗ ಅರವತ್ತು. ಇನ್ನು ಹತ್ತು ದಿನಕ್ಕೆ ನಿವೃತ್ತಿ. ಆ ಒಂದು ಚಿತ್ರದ ಬಲದ ಮೇಲೆ ಅವಳಿಗೆ ಮೊದಲು ಕೆಲಸ ಸಿಕ್ಕಿತು, ಆಮೇಲೆ ಲ್ಯಾಬು, ಆಮೇಲೆ ಇಡೀ ವಿಭಾಗ. ಹಾಗಿದ್ದೂ ಆ ಚಿತ್ರಕ್ಕೆ ಬೆನ್ನು ಮಾಡಿ ಕೂರುವ ಹಾಗೆ ಮೇಜು ಹಾಕಿಸಿಕೊಂಡಿದ್ದಳು. ಯಾಕೆ ಎಂದರೆ, ಕಿಟಕಿಯ ಬೆಳಕು ಬೇಕು ಎನ್ನುತ್ತಿದ್ದಳು. ಬೆಳಕೂ ಅಲ್ಲ, ಗಿಳಕೂ ಅಲ್ಲ. ನಾಚಿಕೆ.

ಅವತ್ತು ಮಧ್ಯಾಹ್ನ ಸಂಸ್ಥೆಯ ನಿರ್ದೇಶಕ ಬಾಗಿಲು ತಟ್ಟುವ ಮೊದಲೇ ಒಳಗೆ ಬಂದ. ಸಭೆ ಸಮಾರಂಭ ಎಂದರೆ ಊಟ ಬಿಡುವ ಮನುಷ್ಯ ಅವನು.

“ಮೇಡಂ, ಸಿಕ್ಕಿದ್ರು! ನಾರ್ಮಲಮ್ಮ ಯಾರು ಅಂತ ಕಂಡುಹಿಡಿದುಬಿಟ್ಟೆ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪ್ರೊಫೆಸರಿನ ಕೈ ತಾನಾಗಿಯೇ ಮೇಜಿನ ಡ್ರಾಯರಿನ ಬೀಗಕ್ಕೆ ಹೋಯಿತು.

“ಹಳೇ ರಿಜಿಸ್ಟರ್ ತೆಗೆಸಿ ನೋಡಿದೆ. ನಿಮ್ಮ ಸ್ವಂತ ಅತ್ತಿಗೆನೇ ಅಂತೆ! ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ ನೀವು! ಬೀಳ್ಕೊಡುಗೆ ದಿನ ಅವರನ್ನ ವೇದಿಕೆ ಮೇಲೆ ಕೂರಿಸ್ತೀವಿ. ಹಿಂದೆ ಗೋಡೆಯಷ್ಟು ಅಗಲಕ್ಕೆ ಆ ಚಿತ್ರ, ಮುಂದೆ ಅವರು. ಫೋನೂ ಮಾಡಿ ಆಯ್ತು. ಎಷ್ಟು ಖುಷಿಪಟ್ರು ಗೊತ್ತಾ?”

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೆ ನೀವು ಬೇಡ ಅಂತಿದ್ರಿ. ನಿಮ್ಮ ವಿನಯ ನಮಗೆ ಗೊತ್ತಿಲ್ವಾ?” ಎಂದು ನಕ್ಕು ಅವನು ಹೊರಟುಹೋದ.

ವಿನಯ! ಅವಳ ವಿನಯದ ಕಥೆ ಇಷ್ಟು.

ಈಗ ಕಂಪ್ಯೂಟರ್ ಮಾಡುವ ಕೆಲಸವನ್ನು ಆ ಕಾಲದಲ್ಲಿ ಕತ್ತರಿ ಮಾಡುತ್ತಿತ್ತು. ರಕ್ತವನ್ನು ಬಾಟಲಿಯಲ್ಲಿ ಮೂರು ದಿನ ಬೆಳೆಸಿ, ಗಾಜಿನ ಮೇಲೆ ಹನಿಸಿ ಒಣಗಿಸಿ, ಸೂಕ್ಷ್ಮದರ್ಶಕದಿಂದ ಫೋಟೋ ತೆಗೆದು, ಫೋಟೋವನ್ನು ಅಂಗೈಯಗಲ ದೊಡ್ಡದು ಮಾಡಿಸಬೇಕು. ಅದರಲ್ಲಿ ವರ್ಣತಂತುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಒಂದೊಂದನ್ನೂ ಕತ್ತರಿಸಿ, ಉದ್ದಕ್ಕೆ ತಕ್ಕ ಹಾಗೆ ಜೋಡಿ ಹುಡುಕಿ, ಸಾಲಾಗಿ ಅಂಟಿಸಬೇಕು. ಪ್ರೊಫೆಸರ್ ಮಿಕ್ಕೆಲ್ಲದರಲ್ಲೂ ಜಾಣೆ. ಕತ್ತರಿ ಹಿಡಿದರೆ ಮಾತ್ರ ಕೈ ನಡುಗುತ್ತಿತ್ತು. ಮನೆಯಲ್ಲೇ ದರ್ಜಿಯಿರುವಾಗ ಚಿಂತೆ ಏಕೆ? ಅವಳ ಅಣ್ಣನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಇಟ್ಟುಕೊಂಡು ಇಡೀ ಬೀದಿಗೆ ಬಟ್ಟೆ ಹೊಲಿಯುತ್ತಿದ್ದರು. ರಕ್ತ ಕೊಟ್ಟದ್ದೂ ಅವರೇ. “ಸೂಜಿ ಚುಚ್ಚಿಸ್ಕೊಳ್ಳೋದು ದರ್ಜಿಗೆ ಹೊಸದಾ? ತಗೋ ಪುಟ್ಟಿ, ಎಷ್ಟು ಬೇಕೋ ತಗೋ,” ಎಂದು ತೋಳು ಚಾಚಿದ್ದರು.

ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ನಾದಿನಿ ಅತ್ತಿಗೆ ಇಬ್ಬರೂ ಕೂತರು. ಅತ್ತಿಗೆ ಕತ್ತರಿಸುವರು, ಇವಳು ಜೋಡಿಸುವಳು. ಇಬ್ಬರಿಗೂ ನಗು. ತನ್ನದೇ ವರ್ಣತಂತುಗಳನ್ನು ತಾನೇ ಕತ್ತರಿಸುತ್ತಿರುವ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದು ಅತ್ತಿಗೆ ತಮಾಷೆ ಮಾಡುತ್ತಿದ್ದರು. ಅರ್ಧ ಗಂಟೆಯಲ್ಲಿ ಅವರ ಕತ್ತರಿ ನಿಂತಿತು.

“ಪುಟ್ಟೀ, ಇದು ಕೂಡ್ತಿಲ್ಲ ಕಣೆ. ಇಲ್ನೋಡು. ಈ ಜೋಡೀಲಿ ಒಂದು ಗಿಡ್ಡ. ಆ ಜೋಡೀಲಿ ಒಂದು ಉದ್ದ. ತೋಳು ಹೆಚ್ಚು ಕಮ್ಮಿ ಹೊಲಿದಂಗಿದೆ.”

“ಫೋಟೋ ಸರಿ ಬಂದಿಲ್ಲ ಬಿಡಿ ಅತ್ತಿಗೆ. ಬೇರೆ ಕೊಡ್ತೀನಿ.”

ಬೇರೆ ಕೊಟ್ಟಳು. ಅದರಲ್ಲೂ ಹಾಗೇ. ಮೂರನೆಯದರಲ್ಲೂ ಹಾಗೇ. “ನಿನ್ನ ಫೋಟೋನೋ, ನನ್ನ ರಕ್ತಾನೋ, ಯಾವುದೋ ಒಂದು ಹಠ ಹಿಡಿದಿದೆ,” ಎಂದು ಅತ್ತಿಗೆ ಎದ್ದು ಗಿರಾಕಿಯ ಬಟ್ಟೆ ಮುಗಿಸಲು ಹೋದರು.

ಅವಳ ಹತ್ತಿರ ಹನ್ನೆರಡು ಫೋಟೋಗಳಿದ್ದವು. ಒಬ್ಬಳೇ ಕೂತು ಹನ್ನೆರಡನ್ನೂ ಅಳತೆ ಮಾಡಿದಳು. ಹನ್ನೆರಡರಲ್ಲೂ ಎರಡನೆಯ ಜೋಡಿಯಲ್ಲಿ ಒಂದು ಗಿಡ್ಡ, ಹನ್ನೊಂದನೆಯ ಜೋಡಿಯಲ್ಲಿ ಒಂದು ಉದ್ದ. ಒಂದು ಫೋಟೋ ಸುಳ್ಳು ಹೇಳಬಹುದು, ಹನ್ನೆರಡೂ ಹೇಳುತ್ತವೆಯೇ? ಆದರೆ ಸೋಮವಾರ ಬೆಳಿಗ್ಗೆ ಚಿತ್ರ ಬೇಕೆಂದು ಹಿರಿಯ ಪ್ರೊಫೆಸರ್ ಹೇಳಿಯಾಗಿತ್ತು. ಇನ್ನೊಂದು ಊರಿನ ಲ್ಯಾಬಿನವರೂ ಇದೇ ಕೆಲಸದ ಬೆನ್ನು ಹತ್ತಿದ್ದರು. ಅವಳ ಸ್ವಂತ ರಕ್ತದ ಫೋಟೋ ಒಂದಿತ್ತು. ವರ್ಣತಂತುಗಳು ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದವು. ಆ ಗೋಜಲಿನಲ್ಲಿ ಎರಡು ಮಾತ್ರ ಬಿಡಿಯಾಗಿ ನಿಂತಿದ್ದವು, ಬೇಕಾದ ಎರಡೇ. ನಡುಗುವ ಕೈಯಲ್ಲೇ ಅವನ್ನು ಕತ್ತರಿಸಿ ಅಂಟಿಸಿದಳು. ಗಿಡ್ಡದ್ದು, ಉದ್ದದ್ದು ಎರಡನ್ನೂ ಕಸದ ಬುಟ್ಟಿಗೆ ಹಾಕಿದಳು.

ಲೋಕಪ್ರಸಿದ್ಧವಾದ ಆ ಚಿತ್ರದಲ್ಲಿ ನಲವತ್ತನಾಲ್ಕು ಅತ್ತಿಗೆಯವು, ಎರಡು ಅವಳವು. ಹಾಗಿದ್ದೂ ಕೆಳಗೆ ‘ಆರೋಗ್ಯವಂತ ಹೆಂಗಸು’ ಎಂದು ಬರೆದಳು.

ಅಷ್ಟಕ್ಕೇ ನಿಂತಿದ್ದರೆ ಅದು ಎಳೆಯ ವಯಸ್ಸಿನ ಒಂದು ಕಳ್ಳಾಟ, ನಕ್ಕು ಮರೆಯಬಹುದಿತ್ತು. ನಿಲ್ಲಲಿಲ್ಲ. ಅತ್ತಿಗೆಗೆ ಹಿಂದಿನ ವರ್ಷ ಒಂದು ಬಸಿರು ನಿಂತಿರಲಿಲ್ಲ. ಮೊದಲನೆಯದು ಹಾಗಾಗುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದ್ದರು. ಚಿತ್ರ ಅಚ್ಚಾದ ಮಾರನೆಯ ವರ್ಷ ಎರಡನೆಯದೂ ನಿಲ್ಲಲಿಲ್ಲ. ಆಗ ಪ್ರೊಫೆಸರಿನ ಅಮ್ಮನ ಕಣ್ಣು ಮುಂದಿನ ಕೋಣೆಯ ಮೆಷಿನ್ ಮೇಲೆ ಬಿತ್ತು. “ದಿನವೆಲ್ಲಾ ತುಳೀತಾಳೆ. ಹೊಟ್ಟೆ ಅಲ್ಲಾಡದೆ ಇರುತ್ತಾ? ರಕ್ತದಲ್ಲಿ ಏನೂ ದೋಷ ಇಲ್ಲ ಅಂತ ನನ್ನ ಮಗಳೇ ಪುಸ್ತಕದಲ್ಲಿ ಬರೆದಿದಾಳೆ. ಮತ್ತೆ ಮೆಷಿನ್ ಅಲ್ದೆ ಇನ್ನೇನು?”

ಚಿತ್ರವೇ ಸಾಕ್ಷಿಯಾಯಿತು. ಅಣ್ಣ ತಂಗಿಯ ಕಡೆ ತಿರುಗಿ, “ನೀನು ಓದಿದವಳು, ನೀನೇ ಹೇಳು,” ಎಂದ. ಹೇಳಬೇಕಾದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಬಿಟ್ಟು, “ಇರ್ಬಹುದು. ಸ್ವಲ್ಪ ದಿನ ತುಳಿಯೋದು ಬಿಟ್ರೆ ಒಳ್ಳೇದೇನೋ,” ಎಂದಳು. ಓದಿದವಳ ಮಾತು. ವಾರದೊಳಗೆ ಪೇಟೆಯ ದರ್ಜಿಯೊಬ್ಬ ಬಂದು ಮೆಷಿನ್ ಹೊತ್ತುಕೊಂಡು ಹೋದ. ಅರ್ಧ ಹೊಲಿದಿದ್ದ ಗಿರಾಕಿಗಳ ಬಟ್ಟೆಯನ್ನು ಅತ್ತಿಗೆ ಮನೆಮನೆಗೆ ಹೋಗಿ ವಾಪಸು ಕೊಟ್ಟು ಬಂದರು.

ಮೂರನೆಯದು ಐದು ತಿಂಗಳಲ್ಲಿ ಹೋಯಿತು. ನಾಲ್ಕನೆಯದು ಹುಟ್ಟಿ, ಹನ್ನೊಂದು ದಿನ ಉಸಿರಾಡಿ, ಹೋಯಿತು. ಮೆಷಿನ್ ಇಲ್ಲದಿದ್ದರೂ ಅಮ್ಮನ ವಾದ ಬದಲಾಗಲಿಲ್ಲ: “ಆಗ ತುಳಿದದ್ದು ಈಗ ಹೊಡೀತಿದೆ.” ಅತ್ತಿಗೆಗೆ ಆಗ ಮೂವತ್ತಮೂರು. ಇನ್ನು ಸಾಕು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು.

ಇತ್ತ ಪ್ರೊಫೆಸರ್ ದೇಶದಲ್ಲೇ ಮೊದಲ ಬಾರಿಗೆ ಒಂದು ಸಲಹಾ ಕೊಠಡಿ ತೆರೆದಳು. ಬಸಿರು ನಿಲ್ಲದ ಹೆಂಗಸರು ದೂರದೂರದಿಂದ ಬಂದರು. ರಕ್ತ ನೋಡಿ, ಚಿತ್ರ ಮಾಡಿ, ಎದುರು ಕೂರಿಸಿಕೊಂಡು ಅವಳು ಹೇಳುತ್ತಿದ್ದಳು: “ನೋಡಮ್ಮಾ, ಇದು ನಿನ್ನ ತಪ್ಪಲ್ಲ. ಭಾರ ಎತ್ತಿದ್ದಕ್ಕಲ್ಲ, ಮೆಟ್ಟಿಲು ಹತ್ತಿದ್ದಕ್ಕಲ್ಲ. ನಿನ್ನಲ್ಲಿ ಒಂದು ತುಂಡು ಜಾಗ ಬದಲಾಯಿಸಿ ಕೂತಿದೆ. ನಿನಗೆ ಏನೂ ಕಮ್ಮಿ ಇಲ್ಲ, ಅದಕ್ಕೇ ನೀನು ಆರೋಗ್ಯವಾಗಿದೀಯ. ಮಗುವಿಗೆ ಹೋಗುವಾಗ ಒಮ್ಮೊಮ್ಮೆ ಲೆಕ್ಕ ತಪ್ಪುತ್ತೆ.” ಆ ಹೆಂಗಸರು ಅಳುತ್ತಿದ್ದರು, ಕೈ ಮುಗಿಯುತ್ತಿದ್ದರು. ಸಂಜೆ ಅವಳು ಮನೆಗೆ ಬಂದು, ಅತ್ತಿಗೆ ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದು ಮಲಗುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ. ಈ ಗಾದೆ ತನಗೆಂದೇ ಹುಟ್ಟಿದೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಚಿತ್ರ ಮಾಡಿದ ಹತ್ತು ವರ್ಷಕ್ಕೆ ವರ್ಣತಂತುಗಳ ಮೇಲೆ ಪಟ್ಟೆ ಮೂಡಿಸುವ ಹೊಸ ಬಣ್ಣ ಬಂತು. ಯಾವ ತುಂಡು ಎಲ್ಲಿಯದು ಎಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಡ್ರಾಯರಿನ ಬೀಗ ತೆಗೆದು ಅತ್ತಿಗೆಯ ಹಳೆಯ ಸ್ಲೈಡಿಗೆ ಬಣ್ಣ ಹಾಕಿ ನೋಡಿದಳು. ಎರಡನೆಯದರ ತುದಿ ಮುರಿದು ಹನ್ನೊಂದನೆಯದಕ್ಕೆ ಕೂತಿತ್ತು. ಅನುಮಾನವೆಂಬ ಕೊನೆಯ ನೆಪವೂ ಹೋಯಿತು. ಅತ್ತಿಗೆಗೆ ಆಗ ಮೂವತ್ತೆಂಟು. ಇನ್ನೂ ಪೂರ್ತಿ ತಡವಾಗಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಸ್ಲೈಡನ್ನು ಒಳಗಿಟ್ಟು ಬೀಗ ಹಾಕಿದಳು. ಅತ್ತಿಗೆಯ ಗುಟ್ಟು ಬಿಚ್ಚಿದರೆ ಚಿತ್ರದ ಗುಟ್ಟೂ ಬಿಚ್ಚುತ್ತದೆ. ಆ ತಿಂಗಳೇ ಅವಳನ್ನು ವಿಭಾಗದ ಮುಖ್ಯಸ್ಥೆ ಮಾಡುವ ಮಾತಿತ್ತು.

ಈಗ ಅದೇ ಅತ್ತಿಗೆಯನ್ನು ಆ ಚಿತ್ರದ ಮುಂದೆ ಕೂರಿಸಿ ಚಪ್ಪಾಳೆ ತಟ್ಟುತ್ತಾರಂತೆ. ಪ್ರೊಫೆಸರ್ ಚೀಲ ತೆಗೆದುಕೊಂಡು, ಯಾರಿಗೂ ಹೇಳದೆ, ನಾಲ್ಕು ಗಂಟೆಗೇ ಮನೆಗೆ ಹೊರಟಳು.

ಮೂವರು ಹೆಂಗಸರ ಮನೆ ಅದು, ಎರಡನೆಯ ಮಹಡಿಯಲ್ಲಿ. ಅಣ್ಣ ತೀರಿಕೊಂಡು ಆರು ವರ್ಷ. ಎಂಬತ್ತಾರರ ಅಮ್ಮ ಒಳಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದಳು. ಕಿವಿ ಮಂದ, ಆದ್ದರಿಂದ ಅವಳ ರೇಡಿಯೋ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಅತ್ತಿಗೆ ಊಟದ ಮೇಜಿನ ಹತ್ತಿರ ಕನ್ನಡಕ ಏರಿಸಿಕೊಂಡು ಏನೋ ಬರೆಯುತ್ತಿದ್ದರು.

“ಬಾ ಬಾ ಪುಟ್ಟಿ! ನಿಮ್ಮ ಡೈರೆಕ್ಟರ್ ಫೋನ್ ಮಾಡಿದ್ರು. ನಾನೂ ಅರ್ಧ ವಿಜ್ಞಾನಿ ಅಂತೆ ಕಣೆ! ಸ್ಟೇಜಿನ ಮೇಲೆ ಎರಡು ಮಾತು ಆಡ್ಬೇಕಂತೆ. ಬರ್ಕೊಂಡಿದೀನಿ, ಕೇಳು.” ಅವರು ಗಂಟಲು ಸರಿಮಾಡಿಕೊಂಡು ಓದಿದರು. “‘ನಾನೇನೂ ದೊಡ್ಡದು ಮಾಡಿಲ್ಲ. ನಾಲ್ಕು ಹನಿ ರಕ್ತ ಕೊಟ್ಟೆ. ನನಗೆ ಮಕ್ಕಳಾಗಲಿಲ್ಲ. ದೇವರು ದೇಹ ಸರಿಯಾಗಿಯೇ ಕೊಟ್ಟಿದ್ದ, ಅದಕ್ಕೆ ಈ ಚಿತ್ರವೇ ಸಾಕ್ಷಿ. ನಾನೇ ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ಆದರೂ ನನ್ನಿಂದ ನಾಲ್ಕು ಜನಕ್ಕೆ ಉಪಯೋಗವಾಯಿತಲ್ಲ, ಅಷ್ಟು ಸಾಕು.’ ಹೆಂಗಿದೆ? ಜಾಸ್ತಿ ಆಯ್ತಾ?”

ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ. ಆ ಸಾಲನ್ನು ಅತ್ತಿಗೆ ತಡವರಿಸದ, ನೇರವಾದ ದನಿಯಲ್ಲಿ ಓದಿದ್ದರು, ವಿಳಾಸ ಓದಿದ ಹಾಗೆ. ಪ್ರೊಫೆಸರ್ ಚಪ್ಪಲಿಯನ್ನೂ ಬಿಡದೆ ಎದುರಿನ ಕುರ್ಚಿಯಲ್ಲಿ ಕೂತಳು.

“ಅತ್ತಿಗೆ, ಅದನ್ನ ಓದ್ಬೇಡಿ. ಅದು ನಿಜ ಅಲ್ಲ.” ಅವಳು ಕಾಗದದ ಕಡೆ ನೋಡುತ್ತ ಹೇಳಿದಳು. “ಒಂದು ಹೊಸ ವಿಧಾನ ಬಂದಿದೆ. ಅದ್ರಲ್ಲಿ ನಿಮ್ಮ ರಕ್ತ ಮತ್ತೆ ನೋಡಿದೆ. ನಿಮ್ಮಲ್ಲಿ ಒಂದು ತುಂಡು ಜಾಗ ಬದಲಾಯಿಸಿ ಕೂತಿದೆ. ಹುಟ್ಟಿದಾಗ್ಲಿಂದ ಇದೆ. ನಾಲ್ಕೂ ಹೋಗಿದ್ದು ಅದ್ರಿಂದ. ನೀವು ಏನೂ ತಪ್ಪು ಮಾಡಿಲ್ಲ.”

ಅತ್ತಿಗೆ ಕನ್ನಡಕ ತೆಗೆದರು. “ಅಂದ್ರೆ... ಮೆಷಿನ್ ತುಳಿದಿದ್ದಕ್ಕಲ್ವಾ?”

“ಅಲ್ಲ.”

“ತೊಟ್ಟಿಲ ಹತ್ರ ನಾನು ನಿದ್ದೆ ಮಾಡಿಬಿಟ್ಟೆ ಅವತ್ತು, ಹನ್ನೊಂದನೇ ದಿನ. ಅದಕ್ಕಲ್ವಾ?”

ಈ ಪ್ರಶ್ನೆಯನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. “ಅಲ್ಲ ಅತ್ತಿಗೆ. ನೀವು ಎಚ್ಚರ ಇದ್ದಿದ್ರೂ ಅಷ್ಟೇ.”

ಅತ್ತಿಗೆ ಅತ್ತರು. ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡದೆ, ಬಹಳ ಹೊತ್ತು ಅತ್ತರು. ಆಮೇಲೆ ಮೇಜಿನ ಆಚೆಯಿಂದ ಬಾಗಿ ನಾದಿನಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

“ನನ್ನ ಬಂಗಾರಾ. ಇಷ್ಟು ವರ್ಷ ಅದನ್ನೇ ಹುಡುಕ್ತಾ ಇದ್ಯಾ? ನನಗೋಸ್ಕರ? ನೀನು ಮರೆತುಬಿಟ್ಟಿದೀಯ ಅಂದ್ಕೊಂಡಿದ್ದೆ ಕಣೆ. ನಿಮ್ಮಣ್ಣ ಇದ್ದಿದ್ರೆ ನಿನ್ನ ಹೊತ್ಕೊಂಡು ಕುಣೀತಿದ್ರು. ಇದನ್ನೇ ಹೇಳ್ತೀನಿ ಸ್ಟೇಜಿನ ಮೇಲೆ. ನನ್ನ ನಾದಿನಿ ನನ್ನ ಮೇಲಿನ ಅಪವಾದ ತೊಳೆದ್ಲು ಅಂತ.”

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅತ್ತಿಗೆಯ ಭಾರವೂ ಇಳಿದಿತ್ತು, ಅವಳ ಮರ್ಯಾದೆಯೂ ಉಳಿದಿತ್ತು. ಆದರೆ ಆ ಬೆಚ್ಚನೆಯ, ಒದ್ದೆಯಾದ ಕೈಗಳು ಅವಳ ಕೈಯನ್ನು ಬಿಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಹೊಗಳಿಕೆಯನ್ನು ಮಾತ್ರ ತಡೆಯಲಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಎರಡನೆಯ ಮಹಡಿಯಲ್ಲಿ ಕೂತವಳಿಗೆ ಭೂಮಿಯೂ ದೂರ.

“ಹೊಸದಾಗಿ ಗೊತ್ತಾಗಿದ್ದಲ್ಲ,” ಎಂದಳು.

“ಏನು?”

“ಈ ಮೇಜಿನ ಮೇಲೇ ಗೊತ್ತಾಗಿತ್ತು. ನೀವೇ ಹೇಳಿದ್ರಿ, ಕೂಡ್ತಿಲ್ಲ ಅಂತ. ನನ್ನದೆರಡು ಕತ್ತರಿಸಿ ಅಲ್ಲಿ ಅಂಟಿಸ್ದೆ. ಮೆಷಿನ್ ಮಾರುವಾಗ್ಲೂ ಅನುಮಾನ ಇತ್ತು. ನಿಮಗೆ ಮೂವತ್ತೆಂಟು ಇದ್ದಾಗ ಅನುಮಾನಾನೂ ಉಳೀಲಿಲ್ಲ. ಹೇಳಿದ್ರೆ ನನ್ನ ಚಿತ್ರ ಹೋಗುತ್ತೆ ಅಂತ ಹೇಳ್ಲಿಲ್ಲ.”

ಅತ್ತಿಗೆ ಕೈ ಬಿಟ್ಟರು. ಕೊಡವಲಿಲ್ಲ; ತಟ್ಟೆ ಇಟ್ಟ ಹಾಗೆ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಒಳಗಿನ ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು.

“ಐದನೇದು ಉಳೀತಿತ್ತಾ?” ಎಂದು ಕೇಳಿದರು.

ಸಲಹಾ ಕೊಠಡಿಯಲ್ಲಿ ಈ ಪ್ರಶ್ನೆಗೆ ಅವಳ ಹತ್ತಿರ ಸಿದ್ಧ ಉತ್ತರವಿತ್ತು, ಅಂಕಿ ಅಂಶ ಸಮೇತ. “ಉಳೀಬಹುದಿತ್ತು,” ಎಂದಳು. “ನಿಮ್ಮಂಥ ಎಷ್ಟೋ ಜನಕ್ಕೆ ಐದನೇದು, ಆರನೇದು ಉಳಿದಿದೆ. ನಾನೇ ಎತ್ಕೊಂಡಿದೀನಿ ಆ ಮಕ್ಕಳನ್ನ.”

ಅತ್ತಿಗೆ ತಲೆಯಾಡಿಸಿದರು. ಬರೆದಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಡಿಸಿದರು. ಬೈಗುಳ ಬರುತ್ತದೆ ಎಂದು ಪ್ರೊಫೆಸರ್ ಕಾದಳು. ಬೈದರೆ ಎಷ್ಟೋ ಹಗುರವಾಗುತ್ತಿತ್ತು. ಅತ್ತಿಗೆಗೆ ಅಷ್ಟು ಸುಲಭದಲ್ಲಿ ಬಿಡುವ ಮನಸ್ಸಿರಲಿಲ್ಲ.

“ನಾಳೆನೇ ಪತ್ರಿಕೆಗೆ ಬರೀತೀನಿ, ಚಿತ್ರ ಸುಳ್ಳು ಅಂತ. ಗೋಡೆಯಿಂದ ತೆಗೆಸ್ತೀನಿ. ಸಮಾರಂಭ ಬೇಡ ಅಂತೀನಿ,” ಎಂದಳು ಪ್ರೊಫೆಸರ್.

“ಬರಿ. ತೆಗೆಸು. ಅದು ನಿನ್ನ ಪಾಡು, ನಿನ್ನ ಆಫೀಸಿನ ಪಾಡು.” ಅತ್ತಿಗೆ ಎದ್ದರು. “ನನ್ನದೊಂದು ಕೆಲಸ ಇದೆ. ಬಾ.”

“ಎಲ್ಲಿಗೆ?”

“ಒಳಗೆ. ಅತ್ತೆ ಹತ್ರ. ನನಗೆ ಹೇಳಿದ್ದನ್ನೆಲ್ಲ ಅವರಿಗೆ ಹೇಳು.”

“ಅಮ್ಮನಿಗೆ ಎಂಬತ್ತಾರು, ಅತ್ತಿಗೆ. ಈ ವಯಸ್ಸಲ್ಲಿ...”

“ನಾನು ಅವರ ಬಾಯಲ್ಲಿ ಮೂವತ್ತಮೂರು ವರ್ಷ ಕೇಳಿದೀನಿ. ಇವತ್ತು ಬೆಳಿಗ್ಗೆನೂ ಕೇಳ್ದೆ, ಕಾಫಿ ಕೊಡುವಾಗ. ಅವರೊಂದು ಸಲ ಕೇಳ್ಲಿ.” ಅತ್ತಿಗೆ ಒಳಕೋಣೆಯ ಬಾಗಿಲು ತೆಗೆದು, ರೇಡಿಯೋ ಆರಿಸಿದರು. “ಗಟ್ಟಿಯಾಗಿ ಹೇಳು. ಅವರಿಗೆ ಕಿವಿ ಕೇಳಲ್ಲ.”

ರೇಡಿಯೋ ನಿಂತ ಕೂಡಲೇ ಇಡೀ ಕಟ್ಟಡಕ್ಕೇ ಮೌನ ಬಂತು. ಕಿಟಕಿ ತೆರೆದಿತ್ತು. ಎದುರು ಮನೆಯವಳು ಬಟ್ಟೆ ಒಣಹಾಕುತ್ತಿದ್ದಳು. ಪ್ರೊಫೆಸರ್ ಕಿಟಕಿ ಮುಚ್ಚಲು ಕೈ ಚಾಚಿದಳು. ಅತ್ತಿಗೆ ಕಿಟಕಿಗೆ ಒರಗಿ ನಿಂತುಕೊಂಡರು.

“ಅಮ್ಮಾ,” ಎಂದಳು ಅವಳು. ದೇಶ ವಿದೇಶದ ಸಭೆಗಳಲ್ಲಿ ಮೈಕಿನ ಮುಂದೆ ಮೆಲುದನಿಯಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು. “ವರ್ಣತಂತುಗಳಲ್ಲಿ ಒಂದು ಸ್ಥಾನಪಲ್ಲಟ...”

“ಆ ಪುಸ್ತಕದ ಮಾತು ಬೇಡ,” ಎಂದರು ಅತ್ತಿಗೆ.

ಅಮ್ಮ ಕಿವಿಗೆ ಕೈ ಹಚ್ಚಿ, “ಏನೇ?” ಎಂದಳು.

“ಮೆಷಿನ್ ತುಳಿದಿದ್ದಕ್ಕಲ್ಲ ಅಮ್ಮಾ, ಮಕ್ಕಳು ಹೋಗಿದ್ದು!” ಪ್ರೊಫೆಸರ್ ಕೂಗಿದಳು. ಎದುರು ಮನೆಯವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. “ಅತ್ತಿಗೆ ತಪ್ಪಲ್ಲ! ನನಗೆ ಮೊದಲೇ ಗೊತ್ತಿತ್ತು! ನನ್ನ ಹೆಸರು ಹೋಗುತ್ತೆ ಅಂತ ಸುಳ್ಳು ಹೇಳ್ದೆ!”

“ಯಾರಿಗೆ ಗೊತ್ತಿತ್ತು?”

“ನನಗೆ! ನನಗೆ ಗೊತ್ತಿತ್ತು ಅಮ್ಮಾ! ನಾನು ಸುಳ್ಳು ಹೇಳ್ದೆ!”

ಕೆಳಗಿನ ಮಹಡಿಯಲ್ಲಿ ಒಂದು ಬಾಗಿಲು ತೆರೆದ ಸದ್ದಾಯಿತು. ಅಮ್ಮನ ಮುಖದ ಮೇಲಿನ ಸುಕ್ಕುಗಳು ಒಂದೊಂದಾಗಿ ಇಳಿದವು. ಅವಳು ಮಗಳನ್ನು ನೋಡಿದಳು, ಆಮೇಲೆ ಕಿಟಕಿಯ ಹತ್ತಿರ ನಿಂತ ಸೊಸೆಯನ್ನು ನೋಡಲು ಹೋಗಿ, ನೋಡಲಾರದೆ ತನ್ನ ಮಡಿಲಿನ ಕೈಗಳನ್ನು ನೋಡಿಕೊಂಡಳು.

“ಸಾಕು ಬಿಡೇ,” ಎಂದಳು ಸಣ್ಣ ದನಿಯಲ್ಲಿ. “ಕೇಳಿಸ್ತು.”

“ಇಲ್ಲ,” ಎಂದರು ಅತ್ತಿಗೆ. “ಅತ್ತೆಗೆ ಕೇಳ್ಸಿಲ್ಲ. ಇನ್ನೊಂದ್ಸಲ ಹೇಳು, ಪುಟ್ಟಿ.”

ಅವಳು ಉಸಿರೆಳೆದುಕೊಂಡು, ಮೊದಲಿನಿಂದ ಮತ್ತೆ ಹೇಳಿದಳು, ಇನ್ನೂ ಗಟ್ಟಿಯಾಗಿ.